ಟು-ಲೆಟ್ ಬೋರ್ಡಿನಿಂದ ವೆಬ್ ಪುಟಕ್ಕೆ: ಬೊಮ್ಮಸಂದ್ರದ ಬ್ರೋಕರ್ ಅಣ್ಣನ ಜೊತೆ ನಾವು ಕಲಿತ ಪಾಠ

ಈ ಸಲ ನಮ್ಮ ಲೇಖನ ಸಿಲಬಸ್‌ನಲ್ಲಿ ಇಲ್ಲದ ವಿಷಯದ ಮೇಲೆ. ಮನೆ, ಸೈಟು ಕೊಡಿಸುವ ಏಜೆಂಟರು ಇಂಟರ್ನೆಟ್‌ನಲ್ಲಿ ಹೇಗೆ ಕಾಣಿಸಿಕೊಳ್ಳಬೇಕು ಅನ್ನೋದು. ಇದಕ್ಕೂ ನಮಗೂ ಏನು ಸಂಬಂಧ ಅಂತೀರಾ? ಮೊದಲು ಕಥೆ ಕೇಳಿ.

ಸೆಕೆಂಡ್ ಇಯರ್ ಶುರುವಾದಾಗ ನಾವು ಮೂವರು ಹಾಸ್ಟೆಲ್ ಬಿಟ್ಟು ಬೊಮ್ಮಸಂದ್ರದ ಕಡೆ ರೂಮ್ ಹುಡುಕ್ತಿದ್ವಿ. ನೆಟ್‌ನಲ್ಲಿ ಒಂದು ಮನೆ ಸಿಕ್ಕಿತು. ಒಳ್ಳೆ ಬೆಳಕು, ಟೈಲ್ಸ್, ಕಡಿಮೆ ಬಾಡಿಗೆ. ಫೋನ್ ಮಾಡಿದರೆ, "ತುಂಬಾ ಜನ ಕೇಳ್ತಿದ್ದಾರೆ, ಟೋಕನ್ ಹಾಕಿ ಹಿಡಿದಿಟ್ಕೊಳ್ಳಿ" ಅಂದರು. 2,000 ರೂಪಾಯಿ ಕಳಿಸಿದ್ವಿ. ಮರುದಿನ ಆ ನಂಬರ್ ಸ್ವಿಚ್ ಆಫ್. ವಾರ ಬಿಟ್ಟು ಅದೇ ಫೋಟೋ ಬೇರೆ ಏರಿಯಾದ ಮನೆ ಅಂತ ಇನ್ನೊಂದು ಕಡೆ ಕಾಣಿಸಿತು.

ಕೊನೆಗೆ ಮನೆ ಸಿಕ್ಕಿದ್ದು ಲೈಟ್ ಕಂಬಕ್ಕೆ ಕಟ್ಟಿದ್ದ ಒಂದು ಟು-ಲೆಟ್ ಬೋರ್ಡ್ ನೋಡಿ. ಬ್ರೋಕರ್ ಆನೇಕಲ್ ಕಡೆಯವರು, ನಲವತ್ತೈದರ ಆಸುಪಾಸು. ನಾವು ಅಣ್ಣ ಅಂತಲೇ ಕರೆಯೋದು. ನಮ್ಮ ಟೋಕನ್ ಕಥೆ ಕೇಳಿ ಅವರು ಹೇಳಿದ್ದು ಇಷ್ಟು: "ನೋಡ್ರಪ್ಪ, ನನ್ನ ಹತ್ರ ಮನೆ ಐತೆ, ನೆಟ್‌ನಲ್ಲಿ ನಾನಿಲ್ಲ. ಅವರ ಹತ್ರ ಮನೆ ಇಲ್ಲ, ನೆಟ್‌ ತುಂಬಾ ಅವರೇ ಇದ್ದಾರೆ." ಒಂದು ತಿಂಗಳ ಬಾಡಿಗೆ ಕಮಿಷನ್ ಕೊಡಬೇಕಿತ್ತು. ಅರ್ಧ ಬಿಡ್ತೀನಿ, ನನಗೊಂದು ವೆಬ್‌ಸೈಟ್ ಮಾಡಿಕೊಡಿ ಅಂದರು. ಒಂದು ವೀಕೆಂಡ್ ಕೆಲಸ ಅಂದುಕೊಂಡು ಒಪ್ಪಿದ್ವಿ. ಹಿಡಿದದ್ದು ಎರಡು ತಿಂಗಳು. ಆ ಎರಡು ತಿಂಗಳ ಪಾಠ ಇಲ್ಲಿದೆ.

1. ಹುಡುಕುವವರು ಯಾರು?

ನಾವು ಮೊದಲು ಲೋಗೋ ಮಾಡೋಕೆ ಕೂತಿದ್ವಿ. ಅದು ತಪ್ಪು. ಮೊದಲು ಕೇಳಬೇಕಾದ ಪ್ರಶ್ನೆ, ಈ ಪುಟ ಯಾರಿಗೆ?

ಬೊಮ್ಮಸಂದ್ರ ಅಂದರೆ ಹೊಸೂರು ರಸ್ತೆಯ ಪಕ್ಕದ ಕೈಗಾರಿಕಾ ಪ್ರದೇಶ. ಒಂದು ಕಡೆ ಕಾರ್ಖಾನೆಗಳು, ಇನ್ನೊಂದು ಕಡೆ ನಾರಾಯಣ ಹೆಲ್ತ್ ಸಿಟಿಯಂಥ ದೊಡ್ಡ ಆಸ್ಪತ್ರೆ, ಸ್ವಲ್ಪ ಹಿಂದೆ ಹೋದರೆ ಎಲೆಕ್ಟ್ರಾನಿಕ್ ಸಿಟಿ. 2025ರ ಆಗಸ್ಟ್‌ನಲ್ಲಿ ನಮ್ಮ ಮೆಟ್ರೋದ ಹಳದಿ ಮಾರ್ಗ ಶುರುವಾಯ್ತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿ.ಮೀ., 16 ನಿಲ್ದಾಣ. ಅಲ್ಲಿಂದೀಚೆಗೆ ಈ ಕಡೆಯ ಜಾಹೀರಾತುಗಳಲ್ಲೆಲ್ಲ 'ಮೆಟ್ರೋ ಹತ್ತಿರ' ಅನ್ನೋ ಮಾತು ಇದ್ದೇ ಇರುತ್ತೆ.

ಅಣ್ಣನ ಹಳೆಯ ನೋಟ್‌ಬುಕ್ ತೆಗೆದು ನೋಡಿದ್ವಿ. ಫೋನ್ ಮಾಡಿದವರಲ್ಲಿ ಹೆಚ್ಚಿನವರು ಮೂರು ಬಗೆ: ಕಂಪನಿಗೆ ಹೊಸದಾಗಿ ಸೇರಿದ ಹುಡುಗರು, ಆಸ್ಪತ್ರೆಯ ನರ್ಸ್‌ಗಳು, ಉತ್ತರ ಕರ್ನಾಟಕದಿಂದ ಕುಟುಂಬ ಸಮೇತ ಬಂದವರು. ಇವರು ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಅಡ್ವಾನ್ಸ್ ಎಷ್ಟು? ನೀರು ಬೋರ್‌ವೆಲ್ಲಾ, ಟ್ಯಾಂಕರಾ? ನೈಟ್ ಶಿಫ್ಟ್ ಮುಗಿಸಿ ಬಂದರೆ ಗೇಟ್ ತೆಗೀತಾರಾ? ಗಾಡಿ ನಿಲ್ಲಿಸೋಕೆ ಜಾಗ ಇದೆಯಾ? 'ಲಕ್ಷುರಿ ಲಿವಿಂಗ್' ಇದೆಯಾ ಅಂತ ಒಬ್ಬರೂ ಕೇಳಿರಲಿಲ್ಲ. ಈ ಪ್ರಶ್ನೆಗಳೇ ನಮ್ಮ ಪುಟದ ಹೆಡಿಂಗ್‌ಗಳಾದವು. ಕೀವರ್ಡ್ ರಿಸರ್ಚ್ ಅಂತ ದೊಡ್ಡ ಹೆಸರಿನಲ್ಲಿ ಕರೆಯೋದರ ಮೂಲ ಇದೇ.

2. ವೆಬ್‌ಸೈಟ್‌ಗಿಂತ ಮೊದಲು ಮ್ಯಾಪ್

ಏರಿಯಾ ಹೆಸರು ಸೇರಿಸಿ ಏಜೆಂಟ್‌ ಯಾರಿದ್ದಾರೆ ಅಂತ ಹುಡುಕಿದರೆ ಗೂಗಲ್ ಸಾಮಾನ್ಯವಾಗಿ ಮೇಲ್ಗಡೆ ಮ್ಯಾಪ್ ತೋರಿಸುತ್ತೆ. ಅದರಲ್ಲಿ ಬರೋಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಬೇಕು, ದುಡ್ಡು ಬೇಡ. ಸ್ಥಳೀಯ ಹುಡುಕಾಟದಲ್ಲಿ ಮೂರು ಸಂಗತಿ ಮುಖ್ಯ ಅಂತ ಗೂಗಲ್ಲೇ ಹೇಳುತ್ತೆ. ಕೇಳಿದ್ದಕ್ಕೆ ನಿಮ್ಮ ವ್ಯವಹಾರ ಎಷ್ಟು ಹೊಂದುತ್ತೆ, ಹುಡುಕುವವರಿಂದ ಎಷ್ಟು ದೂರ ಇದೆ, ಜನರಿಗೆ ಎಷ್ಟು ಪರಿಚಿತ. ದೂರ ನಮ್ಮ ಕೈಯಲ್ಲಿಲ್ಲ. ಉಳಿದ ಎರಡಕ್ಕೆ ಕೆಲಸ ಮಾಡಬಹುದು.

ನಾವು ಮಾಡಿದ್ದು ಇಷ್ಟು. ಅಂಗಡಿ ಬೋರ್ಡ್ ಮೇಲೆ ಇರುವ ಹೆಸರನ್ನೇ ಕೊಟ್ವಿ. 'ಬೆಸ್ಟ್ ಬ್ರೋಕರ್ ಬೊಮ್ಮಸಂದ್ರ ಮೆಟ್ರೋ' ಅಂತ ಹೆಸರಿಗೆ ಬಾಲ ಸೇರಿಸೋದು ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಸಸ್ಪೆಂಡ್ ಆಗಬಹುದು. ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಕಡೆ ಒಂದೇ ಥರ ಇರುವಂತೆ ನೋಡಿಕೊಂಡ್ವಿ. ಅಂಗಡಿ ತೆರೆಯುವ ಸಮಯ ಹಾಕಿದ್ವಿ.

ಹಾಸ್ಟೆಲ್ ಗೆಳೆಯರಿಂದ ಇಪ್ಪತ್ತು ಫೈವ್ ಸ್ಟಾರ್ ರಿವ್ಯೂ ಬರೆಸೋಣ ಅಂತಲೂ ಪ್ಲಾನ್ ಇತ್ತು. ಅಣ್ಣ ಒಪ್ಪಲಿಲ್ಲ. "ಮನೆ ನೋಡದೇ ಇರೋರು ಏನಂತ ಬರೀತಾರೆ?" ಅಂದರು. ಸುಳ್ಳು ರಿವ್ಯೂ ಹಾಕಿಸೋದನ್ನು ಗೂಗಲ್ ನಿಯಮವೂ ಒಪ್ಪಲ್ಲ. ಅವರ ಮೂಲಕ ಮನೆ ಹಿಡಿದವರಿಗೆ ಮಾತ್ರ ಲಿಂಕ್ ಕಳಿಸಿದ್ವಿ. ಬಂದದ್ದು ಏಳು. ಒಂದರಲ್ಲಿ 'ಮನೆ ಚೆನ್ನಾಗಿದೆ, ನೀರಿನ ತೊಂದರೆ ಇದೆ' ಅಂತಿತ್ತು. ಅದನ್ನೂ ಹಾಗೇ ಬಿಟ್ವಿ.

3. ಪೋಸ್ಟರ್ ಬೇರೆ, ಪುಟ ಬೇರೆ

ಅಣ್ಣನ ಹತ್ರ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಚೆಂದದ ಕನ್ನಡ ಪಾಂಪ್ಲೆಟ್ ಇತ್ತು. ಅದನ್ನು ಕಾಪಿ ಮಾಡಿ ಪುಟಕ್ಕೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದವು. ಕಾರಣ, ಹಳೆಯ ಫಾಂಟ್. ಹಳೆಯ ಕನ್ನಡ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಕೋಡ್ ಮೇಲೆಯೇ ಕನ್ನಡದ ಆಕಾರ ಕೂರಿಸಿರುತ್ತಾರೆ. ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಅಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೇ ಅಂತ 128 ಜಾಗಗಳ ಬ್ಲಾಕ್ ಇದೆ. ಅದರಲ್ಲಿ ಟೈಪ್ ಮಾಡಿದರೆ ಮಾತ್ರ ಸರ್ಚ್ ಎಂಜಿನ್ 'ಬಾಡಿಗೆ ಮನೆ' ಅನ್ನೋದನ್ನ 'ಬಾಡಿಗೆ ಮನೆ' ಅಂತಲೇ ಓದುತ್ತೆ.

ಪಾಂಪ್ಲೆಟ್‌ನ ಫೋಟೋ ತೆಗೆದು ಹಾಕಿಬಿಡೋಣ ಅಂದರೆ, ಅದರೊಳಗಿನ ಅಕ್ಷರವನ್ನು ಸರ್ಚ್ ಎಂಜಿನ್ ಸರಿಯಾಗಿ ಓದುತ್ತೆ ಅನ್ನೋ ಭರವಸೆ ಇಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೂ ಅದು ಬರೀ ಚಿತ್ರ. ಹಾಗಾಗಿ ಬಾಡಿಗೆ, ಅಡ್ವಾನ್ಸ್, ನೀರು, ಮಹಡಿ ಎಲ್ಲವನ್ನೂ ಅಕ್ಷರದಲ್ಲೇ ಬರೆದ್ವಿ, ಮೊದಲು ಕನ್ನಡ, ಕೆಳಗೆ ಇಂಗ್ಲಿಷ್.

ಇನ್ನು ಫೋಟೋ ತೂಕದ ಲೆಕ್ಕ. ಫೋನಿನ ಒಂದು ಫೋಟೋ 4 ಎಂಬಿ ಅಂದುಕೊಳ್ಳಿ. ಒಂದು ಪುಟದಲ್ಲಿ 12 ಫೋಟೋ ಇದ್ದರೆ 48 ಎಂಬಿ, ಅಂದರೆ 384 ಮೆಗಾಬಿಟ್. ನೋಡುವವರ ಫೋನಿಗೆ ಸೆಕೆಂಡಿಗೆ 10 ಮೆಗಾಬಿಟ್ ಸಿಕ್ಕರೆ 38 ಸೆಕೆಂಡ್ ಬೇಕು. ಯಾರು ಕಾಯ್ತಾರೆ? ಅಗಲ ಕಡಿಮೆ ಮಾಡಿ ವೆಬ್‌ಪಿ ಫಾರ್ಮ್ಯಾಟ್‌ನಲ್ಲಿ ಒಂದೊಂದನ್ನು 150 ಕೆಬಿಗೆ ಇಳಿಸಿದರೆ ಒಟ್ಟು 1.8 ಎಂಬಿ, ಒಂದೂವರೆ ಸೆಕೆಂಡ್.

ಇನ್ನೊಂದು ಎಚ್ಚರಿಕೆ. ಫೋನಿನ ಫೋಟೋ ಒಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಸೇರಿಕೊಂಡಿರಬಹುದು. ಖಾಲಿ ಮನೆಯ ನಿಖರ ಜಾಗ ಎಲ್ಲರಿಗೂ ಗೊತ್ತಾಗೋದು ಬೇಡ. ಹಾಕುವ ಮೊದಲು ಆ ಮಾಹಿತಿ ತೆಗೆದುಬಿಡಿ.

ಕೋಡ್ ಇಷ್ಟ ಇರುವವರಿಗೆ ಒಂದು ಮಾತು: ಸ್ಕೀಮಾ ಡಾಟ್ ಆರ್ಗ್‌ನ ಪಟ್ಟಿಯಲ್ಲಿ ರಿಯಲ್ ಎಸ್ಟೇಟ್ ಏಜೆಂಟ್ ಅನ್ನೋ ಟೈಪೇ ಇದೆ. ಹೆಸರು, ವಿಳಾಸ, ಸಮಯವನ್ನು ಅದರ ಪ್ರಕಾರ ಪುಟದಲ್ಲಿ ಸೇರಿಸಬಹುದು. ಓಪನ್ ಗ್ರಾಫ್ ಟ್ಯಾಗ್ ಹಾಕಿದರೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದಾಗ ಫೋಟೋ, ಶೀರ್ಷಿಕೆ ಬರುತ್ತೆ. ಅಣ್ಣನ ವ್ಯವಹಾರ ಬಹುಪಾಲು ವಾಟ್ಸ್‌ಆ್ಯಪ್‌ನಲ್ಲೇ ನಡೆಯೋದರಿಂದ ಉಳಿದದ್ದೆಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

4. 'ಮೆಟ್ರೋಗೆ 5 ನಿಮಿಷ'

ಈಗ ನಮ್ಮ ತಪ್ಪಿನ ವಿಷಯ.

ಒಂದು ಮನೆಯ ಪುಟಕ್ಕೆ 'ಮೆಟ್ರೋಗೆ 5 ನಿಮಿಷ' ಅಂತ ಹಾಕಿದ್ವಿ. ಅಣ್ಣ ಹಾಗೆ ಹೇಳಿರಲಿಲ್ಲ. ನಾವೇ ಮ್ಯಾಪ್ ಮೇಲೆ ಎರಡು ಚುಕ್ಕೆ ಇಟ್ಟು ನೇರ ಗೆರೆ ಎಳೆದ್ವಿ, ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಕಡಿಮೆ ಬಂತು, ಗಾಡಿಯಲ್ಲಿ ಐದು ನಿಮಿಷ ಅಂತ ಲೆಕ್ಕ ಹಾಕಿದ್ವಿ. 'ಗಾಡಿಯಲ್ಲಿ' ಅನ್ನೋ ಪದ ಮಾತ್ರ ಪುಟದಲ್ಲಿ ಇರಲಿಲ್ಲ.

ಒಂದು ಭಾನುವಾರ ಒಬ್ಬ ನರ್ಸ್ ಅಕ್ಕ ತಮ್ಮ ಅಮ್ಮನ ಜೊತೆ ಮನೆ ನೋಡೋಕೆ ಬಂದರು. ಅಮ್ಮ ರಾಯಚೂರಿನ ಕಡೆಯವರು, ಮಗಳಿಗೆ ರೂಮ್ ಮಾಡಿಕೊಟ್ಟು ರಾತ್ರಿ ಬಸ್ಸಿಗೆ ವಾಪಸ್ ಹೋಗಬೇಕು. ಐದು ನಿಮಿಷ ತಾನೇ ಅಂತ ಮೆಟ್ರೋ ಇಳಿದು ನಡೆದೇ ಬಂದಿದ್ದಾರೆ. ಹೆದ್ದಾರಿ ದಾಟಿ, ಕಾಂಪೌಂಡ್ ಸುತ್ತಿ, ಬಿಸಿಲಲ್ಲಿ ಇಪ್ಪತ್ತೈದು ನಿಮಿಷ. ನಾವು ಅಂಗಡಿಯಲ್ಲೇ ಕೂತಿದ್ವಿ. ಆ ಅಮ್ಮ ನೀರು ಕುಡಿದು ಕೇಳಿದರು: "ಐದ್ ನಿಮಿಷ ಅಂತ ಬರದೀರಲ್ರೀ, ಯಾರ ಕಾಲಿಗೆ ಐದ್ ನಿಮಿಷ?"

ಅಣ್ಣ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. "ತಪ್ಪಾಯ್ತಮ್ಮ, ನಂದೇ ತಪ್ಪು" ಅಂದುಬಿಟ್ಟರು. ಮನೆ ಅವರಿಗೆ ಇಷ್ಟವಾಗಿತ್ತು. ಆದರೆ ರಾತ್ರಿ ಪಾಳಿ ಮುಗಿಸಿ ಮಗಳು ಒಬ್ಬಳೇ ಆ ರಸ್ತೆಯಲ್ಲಿ ಬರೋದು ಬೇಡ ಅಂತ ಹೊರಟುಹೋದರು.

ನಮ್ಮ 2,000 ರೂಪಾಯಿ ತಗೊಂಡವನ ಮೇಲೆ ನಮಗೆಷ್ಟು ಸಿಟ್ಟಿತ್ತು! ಅವನೂ ಇಲ್ಲದ್ದನ್ನು ಬರೆದಿದ್ದ, ನಾವೂ ಇಲ್ಲದ್ದನ್ನು ಬರೆದಿದ್ವಿ. ಅವನು ಬೇಕಂತ ಬರೆದ, ನಾವು ಸೋಮಾರಿತನದಿಂದ ಬರೆದ್ವಿ. ನಡೆದು ಬಂದ ಆ ಅಮ್ಮನಿಗೆ ಅದರಿಂದ ಏನು ವ್ಯತ್ಯಾಸ?

ಸಂಜೆ ಮೂವರೂ ಮನೆಯಿಂದ ನಿಲ್ದಾಣದವರೆಗೆ ನಡೆದ್ವಿ. ರಸ್ತೆಯ ದೂರ 2 ಕಿಲೋಮೀಟರ್. ನಿಮಿಷಕ್ಕೆ 80 ಮೀಟರ್ ಲೆಕ್ಕದಲ್ಲಿ 25 ನಿಮಿಷ. ಆಮೇಲೆ ಪುಟದಲ್ಲಿದ್ದ ಎಲ್ಲಾ ಮನೆಗಳಿಗೂ ನಡೆದು ನೋಡಿಯೇ ಸಮಯ ಬರೆದ್ವಿ. 'ನಡೆದರೆ 25 ನಿಮಿಷ, ಕೊನೆಯ ತಿರುವಿನಲ್ಲಿ ಬೀದಿ ದೀಪ ಇಲ್ಲ' ಅಂತ. ಇದನ್ನು ಹಾಕಿದರೆ ಯಾರು ಬರ್ತಾರೆ ಅಂತ ನಮಗೇ ಅನುಮಾನ ಇತ್ತು. ಅಣ್ಣ ಹಾಕಿ ಅಂದರು.

5. ಮಾರಾಟದ ಜಾಹೀರಾತಾದರೆ ಕಾನೂನು ಓದಿ

ಬಾಡಿಗೆ ಆಯ್ತು, ಸೈಟು, ಫ್ಲಾಟ್‌ಗಳನ್ನೂ ಹಾಕೋಣ ಅಂದಾಗ ನಾವು ರೇರಾ ಓದಬೇಕಾಯ್ತು. ಇದು 2016ರ ಕೇಂದ್ರ ಕಾಯ್ದೆ. ಕರ್ನಾಟಕದಲ್ಲಿ 2017ರಲ್ಲಿ ನಿಯಮಗಳು ಬಂದವು. ಮುಖ್ಯ ಅಂಶಗಳು ಇವು:

- ಜಾಗ 500 ಚದರ ಮೀಟರ್ ಮೀರಿದ ಮತ್ತು 8ಕ್ಕಿಂತ ಹೆಚ್ಚು ಫ್ಲಾಟ್ ಇರುವ ಹೊಸ ಯೋಜನೆಯನ್ನು ನೋಂದಣಿ ಆಗುವ ಮೊದಲು ಜಾಹೀರಾತು ಮಾಡುವಂತಿಲ್ಲ. ಲೇಔಟ್‌ಗಳೂ ಈ ಕಾಯ್ದೆಯೊಳಗೆ ಬರುತ್ತವೆ.
- ಅಂಥ ಯೋಜನೆಯ ಮಾರಾಟಕ್ಕೆ ಕೈ ಹಾಕುವ ಏಜೆಂಟ್ ಕೂಡ ನೋಂದಾಯಿಸಿಕೊಂಡಿರಬೇಕು. ಇಲ್ಲದಿದ್ದರೆ ದಿನಕ್ಕೆ 10,000 ರೂಪಾಯಿ ದಂಡ; ಅದು ಮಾರಿಸಿದ ಆಸ್ತಿಯ ಬೆಲೆಯ ಶೇ. 5ರವರೆಗೂ ಏರಬಹುದು.
- ಯೋಜನೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಮತ್ತು ರೇರಾ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಎದ್ದು ಕಾಣಬೇಕು.
- ಜಾಹೀರಾತಿನ ಸುಳ್ಳು ಮಾತು ನಂಬಿ ದುಡ್ಡು ಕೊಟ್ಟು ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು.

ಕಾಯ್ದೆಯಲ್ಲಿ ಜಾಹೀರಾತು ಅಂದರೆ ಪೇಪರ್‌ನಲ್ಲಿ ಬಂದದ್ದು ಮಾತ್ರ ಅಲ್ಲ, ಯಾವುದೇ ಮಾಧ್ಯಮದ ಪ್ರಚಾರ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ವಿನಾಯಿತಿ ಕೊಟ್ಟಿಲ್ಲ.

ಆನೇಕಲ್ ತಾಲ್ಲೂಕಿನಲ್ಲಿ ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ ತುಂಡು ಮಾಡಿ ಮಾರುವ ರೆವಿನ್ಯೂ ಸೈಟುಗಳ ಮಾತೂ ಕೇಳಿ ಬರುತ್ತೆ. ಹಾಗಾಗಿ ಒಂದು ನಿಯಮ ಮಾಡಿಕೊಂಡ್ವಿ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್, ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ, ಜೊತೆಗೆ ಇ-ಖಾತಾ, ಪರಿವರ್ತನೆ ಆದೇಶ, ಇಷ್ಟನ್ನು ಅಣ್ಣ ನೋಡುವ ತನಕ ಯಾವ ಸೈಟಿಗೂ ಪುಟ ಇಲ್ಲ. ಮೊದಲ ತಿಂಗಳು ಹನ್ನೊಂದು ಸೈಟು ಬಂದವು, ಪುಟ ಆದದ್ದು ನಾಲ್ಕಕ್ಕೆ. ಏಳು ಸೈಟಿನ ಕಮಿಷನ್ ಆಸೆ ಬಿಡೋದು ಸಣ್ಣ ಮಾತಲ್ಲ, ಅಣ್ಣನ ಮಗಳು ಈ ವರ್ಷ ಪಿಯುಸಿ.

6. ಈಗ ಹೇಗಿದೆ?

ಫೋನ್ ಕರೆಗಳು ಜಾಸ್ತಿ ಆಗಲಿಲ್ಲ, ಕಡಿಮೆಯೇ ಆದವು. ಬಾಡಿಗೆ, ನೀರು, ದೂರ ಎಲ್ಲ ಪುಟದಲ್ಲೇ ಇರೋದರಿಂದ ಸುಮ್ಮನೆ ಕೇಳುವವರು ಕರೆ ಮಾಡಲ್ಲ. ಮಾಡಿದವರು ಮನೆ ನೋಡೋಕೆ ಬರ್ತಾರೆ. "ಮೊದಲು ಹತ್ತು ಜನಕ್ಕೆ ತೋರಿಸಿದ್ರೆ ಒಬ್ರು ಒಪ್ತಿದ್ರು, ಈಗ ನಾಲ್ಕು ಜನಕ್ಕೆ ಒಬ್ರು" ಅಂತ ಅಣ್ಣ ಹೇಳ್ತಾರೆ. ಪೆಟ್ರೋಲ್ ಉಳಿಯಿತು ಅನ್ನೋದೇ ಅವರಿಗೆ ದೊಡ್ಡ ಖುಷಿ.

ಇನ್ನೊಂದು ಕೆಲಸ ಪ್ರತಿ ದಿನ ಮಾಡಲೇಬೇಕು. ಮನೆ ಹೋದ ದಿನವೇ ಪುಟದಲ್ಲಿ 'ಬಾಡಿಗೆಗೆ ಹೋಗಿದೆ' ಅಂತ ಬದಲಿಸೋದು. ಹೋದ ಮನೆಯನ್ನು ತೋರಿಸುತ್ತಾ ಕರೆ ತರಿಸಿಕೊಳ್ಳೋದು ಹಳೆಯ ತಂತ್ರ. ನಮ್ಮ ಟೋಕನ್ ಹೋದದ್ದೂ ಇಲ್ಲದ ಮನೆಗೇ.

ಮನೆಪಾಠ

ನಿಮ್ಮ ರೂಮಿನ ಹತ್ತಿರದ ಯಾವುದಾದರೂ ಒಂದು ಮನೆಯ ಆನ್‌ಲೈನ್ ಜಾಹೀರಾತು ತೆಗೆದುಕೊಳ್ಳಿ. ಅದರ ಒಂದೊಂದು ಸಾಲಿನ ಪಕ್ಕ ಬರೆಯಿರಿ: ಇದನ್ನು ನಾನು ಹೇಗೆ ಪರೀಕ್ಷಿಸಬಹುದು? ನಡೆದು, ಅಳೆದು, ಸರ್ಕಾರಿ ದಾಖಲೆ ನೋಡಿ, ಇಲ್ಲಾ ಪಕ್ಕದ ಮನೆಯವರನ್ನು ಕೇಳಿ. ಪರೀಕ್ಷಿಸಲು ಆಗದ ಸಾಲುಗಳನ್ನು ಹೊಡೆದು ಹಾಕಿ. ಎಷ್ಟು ಉಳಿಯುತ್ತೆ ನೋಡಿ, ಕ್ಲಬ್ ರೂಮಿಗೆ ತನ್ನಿ, ಒಟ್ಟಿಗೆ ಕೂತು ಚರ್ಚೆ ಮಾಡೋಣ.

ಅಂದಹಾಗೆ, ಲೈಟ್ ಕಂಬದ ಬೋರ್ಡ್ ಈಗ ಅಂಗಡಿ ಬಾಗಿಲಿಗೆ ಬಂದಿದೆ, ಅದರ ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್ ಇದೆ. ಅಂಟಿಸಿದ್ದು ನಾವೇ, ಸ್ವಲ್ಪ ಸೊಟ್ಟಗಾಗಿದೆ. ಸ್ಕ್ಯಾನ್ ಮಾತ್ರ ಆಗುತ್ತೆ.