ಗೋಡೆ ಕಲಿಸಿದ ಪಾಠ

ಓದು, ಬರಹ, ಲೆಕ್ಕಗಳನ್ನು ನಾವು ಮಕ್ಕಳಿಗೆ ಕ್ರಮವರಿತು ಕಲಿಸುತ್ತೇವೆ. ಆಲಿಸುವುದನ್ನು ಮಾತ್ರ ಕಿವಿಯುಳ್ಳವರಿಗೆಲ್ಲ ತಾನಾಗಿ ಬರುವ ವಿದ್ಯೆಯೆಂದು ಬಿಟ್ಟುಬಿಡುತ್ತೇವೆ. ಅದು ಹಾಗಲ್ಲವೆಂಬುದನ್ನು, ಹಲವು ವರ್ಷ ಪಾಠ ಹೇಳಿದ ನನಗೆ, ನಮ್ಮ ಮನೆಯ ಒಂದು ಗೋಡೆ ಕಲಿಸಿತು.

೨೦೧೯ನೆಯ ಇಸವಿಯ ಆಗಸ್ಟ್ ತಿಂಗಳಿನ ಮಹಾಪೂರವನ್ನು ಈ ಭಾಗದ ಜನರು ಮರೆತಿಲ್ಲ. ಹುಕ್ಕೇರಿ ತಾಲ್ಲೂಕಿನಲ್ಲಿ ಹಿರಣ್ಯಕೇಶಿ, ಗೋಕಾಕದ ಬಳಿ ಮಾರ್ಕಂಡೇಯ, ಇವೆರಡರ ನೀರನ್ನೂ ಕೂಡಿಸಿಕೊಂಡ ಘಟಪ್ರಭೆಯು ಗೋಕಾಕದ ತಗ್ಗಿನ ಓಣಿಗಳನ್ನೂ ಮೂಡಲಗಿ ಸೀಮೆಯ ಹೊಳೆದಂಡೆಯ ಊರುಗಳನ್ನೂ ಹೊಕ್ಕಿತು. ನೀರು ಇಳಿದಾಗ ನಮ್ಮ ಮಣ್ಣಿನ ಮನೆ ನಿಂತೇ ಇತ್ತು. ಆದರೆ ಅಡುಗೆಮನೆಯ ಗೋಡೆಯ ಗಿಲಾವು ಕಳಚಿಹೋಗಿತ್ತು.

ದೀಪಾವಳಿಯೊಳಗೆ ಕೆಲಸ ಮುಗಿಯಬೇಕೆಂಬ ಆತುರ ನನ್ನದು. ಸಿಮೆಂಟಿನ ಗಿಲಾವೇ ಆಗಲೆಂದು ನಿಶ್ಚಯಿಸಿದೆ. ಅವ್ವ ಗೋಡೆಗೆ ಅಂಗೈ ಒತ್ತಿ, "ತಮ್ಮಾ, ಗ್ವಾಡಿ ಇನ್ನಾ ಹಸಿ ಐತಿ, ಒಂದೀಟು ದಿನ ತಡಿ" ಎಂದಳು. "ನೀ ಸುಮ್ನಿರವ್ವಾ, ಗೌಂಡಿಗೆ ಗೊತ್ತೈತಿ" ಎಂದೆ. ಗೌಂಡಿಯನ್ನಾದರೂ ಕೇಳಿದೆನೇ? ಇಲ್ಲ, ಆತನಿಗೂ ಹೇಳಿದೆನಷ್ಟೆ. ಅಂದಿನಿಂದ ಅವ್ವ ಮನೆಗೆಲಸದ ವಿಷಯದಲ್ಲಿ ಬಾಯಿ ತೆರೆಯಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಗಿಲಾವು ಹೆಕ್ಕಳಿಕೆಯಾಗಿ ಎದ್ದು ಬಿದ್ದಿತು. ಮಣ್ಣಿನ ಗೋಡೆ ಕುಡಿದ ನೀರು ಮೇಲ್ಮೈಯಿಂದ ಆವಿಯಾಗಿ ಹೊರಹೋಗಬೇಕು. ಸಿಮೆಂಟು ಆ ದಾರಿಯನ್ನು ಕಟ್ಟಿತು. ತೇವ ಒಳಗೇ ನಿಂತು ಮಣ್ಣು ಮೆತ್ತಗಾಯಿತು, ಹಿಡಿತ ಸಡಿಲಿತು. ಬಿದ್ದ ಗಿಲಾವಿಗಿಂತ ಅವ್ವನ ಮೌನವೇ ನನ್ನನ್ನು ಹೆಚ್ಚು ನೋಯಿಸಿತು.

ಎರಡನೆಯ ಸಲ ಗೌಂಡಿಯನ್ನೂ ಕೂಡಿಸಿಕೊಂಡು ಎಲ್ಲರೂ ಪಡಸಾಲೆಯಲ್ಲಿ ಕುಳಿತೆವು. ತಪ್ಪೊಪ್ಪಿ ಅವ್ವನನ್ನು ಕೇಳಿದೆ. ಆಕೆ ಹೇಳಿದ್ದನ್ನು ನಾನೇ ತಿರುಗಿ ನುಡಿದೆ: "ಅಂದರ, ಮ್ಯಾಲಿಂದೆಲ್ಲಾ ಆರೈತಿ, ಬುಡದಾಗ ಮೊಳದಷ್ಟು ಹಸಿ ಐತಿ, ಹೌದಲ್ಲವ್ವಾ?" "ಹೌದಪಾ, ಬಚ್ಚಲ ನೀರು ಅಲ್ಲೇ ನಿಂದರತೈತಿ" ಎಂದಳು. ನಾನು ಮರುನುಡಿಯದಿದ್ದರೆ ಈ ಮಾತು ಹೊರಬರುತ್ತಲೇ ಇರಲಿಲ್ಲ. ಗೌಂಡಿಯು ಮೊದಲು ಬಚ್ಚಲ ನೀರಿಗೆ ಬೇರೆ ದಾರಿ ಮಾಡಿದ. ಗೋಡೆ ಪೂರ್ತಿ ಆರಿದ ಮೇಲೆ, ಹೊಟ್ಟು ಬೆರೆಸಿ ಕೊಳೆಸಿದ ಮಣ್ಣಿನಿಂದ ಗಿಲಾವು ಮಾಡಿದ. ಆ ವರ್ಷದ ಮಳೆಗಾಲದಲ್ಲಿ ಅದು ಕಳಚಲಿಲ್ಲ.

ಈ ಅನುಭವವನ್ನು ತರಗತಿಗೂ ತರಬಹುದು. ತಮ್ಮ ಮನೆಯಲ್ಲಿ ಎಲ್ಲಿ ಸೋರುತ್ತದೆ, ಎಲ್ಲಿ ಹಸಿಯಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಹಿರಿಯರಿಂದ ಕೇಳಿ ಬರೆದುಕೊಳ್ಳಲಿ. ಕೇಳುವಾಗ ಕೈಯ ಕೆಲಸ ನಿಲ್ಲಿಸಲಿ, ನಡುವೆ ಬಾಯಿ ಹಾಕದಿರಲಿ. ಬರೆದುದನ್ನು ಅವರಿಗೇ ಓದಿ ಹೇಳಿ, "ಸರಿಯಾಯಿತೇ?" ಎಂದು ಕೇಳಲಿ. ತಿದ್ದುಪಡಿ ಬಂದರೆ ಅದನ್ನೂ ಬರೆಯಲಿ. ಅಂಕ ಸಲ್ಲಬೇಕಾದುದು ಆ ತಿದ್ದುಪಡಿಗೇ.

ಗೋಡೆಯ ಮಗ್ಗುಲಲ್ಲಿ ನಲವತ್ತು ವರ್ಷ ರೊಟ್ಟಿ ಬಡಿದವಳಿಗೆ ಗೋಡೆಯ ಸ್ವಭಾವ ಗೊತ್ತಿರುತ್ತದೆ. ಅವಳನ್ನು ಕೇಳುವ ವಿನಯವನ್ನು ನಮ್ಮ ಮಕ್ಕಳು ನನಗಿಂತ ಬೇಗ ಕಲಿಯಲೆಂದು ಹಾರೈಸುತ್ತೇನೆ.