ಕಾಣದುದನ್ನು ಅರಿಯುವ ಬಗೆ

ಕಾಣದುದನ್ನು ಕಂಡಂತೆ ವರ್ಣಿಸುವುದು ಕವಿಗೆ ಸಲ್ಲುವ ಅಧಿಕಾರ. ವಿಜ್ಞಾನಿಗೆ ಆ ಸ್ವಾತಂತ್ರ್ಯವಿಲ್ಲ. ಆದರೂ ವಿಜ್ಞಾನದ ಪುಸ್ತಕವನ್ನು ತೆರೆದರೆ ಪುಟಪುಟದಲ್ಲಿಯೂ ನಾವು ಓದುವುದು ಕಣ್ಣಿಗೆ ಕಾಣದ ಸಂಗತಿಗಳನ್ನೇ. ಉಪ್ಪಿನ ಹರಳಿನೊಳಗೆ ಪರಮಾಣುಗಳು ಇಂತಿಷ್ಟು ದೂರದಲ್ಲಿ ನಿಂತಿವೆ, ಇಂತಹ ಗೆಲಾಕ್ಸಿಯು ಇಷ್ಟು ಕೋಟಿ ಜ್ಯೋತಿರ್ವರ್ಷಗಳ ಆಚೆಗಿದೆ, ಇಂತಹ ಪ್ರಾಣಿಗಳು ಇಂತಹ ಕಾರಣಕ್ಕಾಗಿ ತಮ್ಮತಮ್ಮಲ್ಲಿ ಕಾದಾಡುತ್ತವೆ ಎಂದೆಲ್ಲ ಅಲ್ಲಿ ಬರೆದಿರುತ್ತದೆ. “ಇದನ್ನು ಯಾರು ನೋಡಿಬಂದರು?” ಎಂದು ತರಗತಿಯಲ್ಲಿ ಹುಡುಗನೊಬ್ಬ ಎದ್ದು ಕೇಳಿದರೆ ಅದು ಉದ್ಧಟತನವಲ್ಲ, ಕೇಳಬೇಕಾದ ಪ್ರಶ್ನೆಯೇ ಸರಿ. ಅದಕ್ಕೆ ಉತ್ತರವನ್ನು ಹುಡುಕಲು ನಾವು ಬಹು ದೂರದಿಂದ ಆರಂಭಿಸಬೇಕಾದುದಿಲ್ಲ. ನಮ್ಮ ಫತೇಗಂಜಿನಿಂದಲೇ ಹೊರಡಬಹುದು.

ವಡೋದರಾ ನಗರವನ್ನು ಬರೋಡಾ ಎಂದು ಕರೆಯುತ್ತಿದ್ದ ಕಾಲದಲ್ಲಿ, 1955ರ ಸುಮಾರಿಗೆ, ಚಿದಂಬರದಲ್ಲಿ ಹುಟ್ಟಿದ ಮೂರು ವರ್ಷದ ಬಾಲಕನೊಬ್ಬನು ತಂದೆತಾಯಿಗಳೊಡನೆ ಇಲ್ಲಿಗೆ ಬಂದನು. ತಂದೆ ಸಿ. ವಿ. ರಾಮಕೃಷ್ಣನ್ ಅವರು ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದ ಮುಖ್ಯಸ್ಥರಾಗಿದ್ದರು. ತಾಯಿ ರಾಜಲಕ್ಷ್ಮಿಯವರೂ ಸಂಶೋಧಕರೇ. ಈಗ ಫತೇಗಂಜಿನಲ್ಲಿರುವ ಕಾನ್ವೆಂಟ್ ಆಫ್ ಜೀಸಸ್ ಅಂಡ್ ಮೇರಿ ಶಾಲೆಯಲ್ಲಿ ಆ ಬಾಲಕನ ವಿದ್ಯಾಭ್ಯಾಸ ನಡೆಯಿತು. ಮುಂದೆ ಅದೇ ವಿಶ್ವವಿದ್ಯಾನಿಲಯದಿಂದ 1971ರಲ್ಲಿ ಭೌತಶಾಸ್ತ್ರದ ಪದವಿಯನ್ನು ಪಡೆದ ಈತನೇ ವೆಂಕಟರಾಮನ್ ರಾಮಕೃಷ್ಣನ್. 2009ರಲ್ಲಿ ಇವರು ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಥಾಮಸ್ ಸ್ಟೈಟ್ಸ್, ಅದಾ ಯೋನತ್ ಎಂಬ ಇನ್ನಿಬ್ಬರೊಡನೆ ಹಂಚಿಕೊಂಡರು. ಭೌತಶಾಸ್ತ್ರವನ್ನು ಓದಿದವರಿಗೆ ರಸಾಯನಶಾಸ್ತ್ರದ ಪಾರಿತೋಷಕ, ಅದೂ ಜೀವಶಾಸ್ತ್ರದ ಒಂದು ಸಮಸ್ಯೆಯನ್ನು ಬಿಡಿಸಿದುದಕ್ಕಾಗಿ! ಶಾಸ್ತ್ರಗಳ ನಡುವೆ ನಮ್ಮ ವೇಳಾಪಟ್ಟಿಯು ಎಳೆದ ಗೆರೆಗಳು ಪ್ರಕೃತಿಗೆ ತಿಳಿಯವು. ಅಮೆರಿಕೆಯಲ್ಲಿ ಭೌತಶಾಸ್ತ್ರದ ಡಾಕ್ಟರೇಟನ್ನು 1976ರಲ್ಲಿ ಮುಗಿಸಿದ ಮೇಲೆ ಇವರು ಜೀವಶಾಸ್ತ್ರವನ್ನು ಕಲಿಯಲು ಪುನಃ ವಿದ್ಯಾರ್ಥಿಗಳ ಸಾಲಿನಲ್ಲಿ ಹೋಗಿ ಕುಳಿತರು.

ಅವರ ಕೆಲಸವನ್ನು ತಿಳಿಯಬೇಕಾದರೆ ಮೊದಲು ಹರಳು ಎಂದರೇನೆಂಬುದನ್ನು ತಿಳಿಯಬೇಕು. ಗುಜರಾತಿನಲ್ಲಿರುವ ನಮಗೆ ಉಪ್ಪಿನ ಹರಳಿನ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಕಚ್ಛದ ಚಿಕ್ಕ ರಣದಲ್ಲಿ ಉಪ್ಪು ಬೆಳೆಯುವುದನ್ನು ಎಲ್ಲರೂ ಕೇಳಿಯಾದರೂ ಬಲ್ಲೆವು. ಒಂದು ದಪ್ಪ ಹರಳನ್ನು ಕೈಯಲ್ಲಿ ಹಿಡಿದು ನೋಡಿದರೆ ಮೂಲೆಗಳು ಚೌಕವಾಗಿ ಕಾಣುತ್ತವೆ. ಒಡೆದರೂ ಚೂರುಗಳು ಚೌಕವಾಗಿಯೇ ಒಡೆಯುತ್ತವೆ. ಒಳಗೆ ಏನೋ ಕಟ್ಟುನಿಟ್ಟಾದ ಜೋಡಣೆ ಇರಬೇಕೆಂದು ಹಿಂದಿನವರು ಊಹಿಸಿದ್ದರು. ಆದರೆ ಊಹೆಯನ್ನು ಪರೀಕ್ಷಿಸುವ ಬಗೆ ಇರಲಿಲ್ಲ. ನಮ್ಮ ಕಣ್ಣಿಗೆ ತೋರುವ ಬೆಳಕಿನ ಅಲೆಯ ಉದ್ದ ಪರಮಾಣುಗಳ ನಡುವಣ ಅಂತರಕ್ಕಿಂತ ಸಾವಿರಾರು ಪಾಲು ಹೆಚ್ಚು. ಆದುದರಿಂದ ಎಷ್ಟು ಒಳ್ಳೆಯ ಸೂಕ್ಷ್ಮದರ್ಶಕವಾದರೂ ಆ ಬೆಳಕಿನಲ್ಲಿ ಪರಮಾಣುವನ್ನು ತೋರಿಸಲಾರದು. ಕ್ಷ-ಕಿರಣಗಳ ಅಲೆಯ ಉದ್ದವಾದರೋ ಆ ಅಂತರಕ್ಕೆ ಸರಿಹೊಂದುವಂತಹುದು. 1912-13ರಲ್ಲಿ ವಿಲಿಯಂ ಬ್ರ್ಯಾಗ್ ಮತ್ತು ಅವರ ಮಗ ಲಾರೆನ್ಸ್ ಬ್ರ್ಯಾಗ್ ಹರಳಿನ ಮೇಲೆ ಕ್ಷ-ಕಿರಣವನ್ನು ಬಿಟ್ಟು, ಅದು ಚದುರಿ ಬೀಳುವ ದಿಕ್ಕುಗಳಿಂದ ಒಳಗಿನ ಜೋಡಣೆಯನ್ನು ಲೆಕ್ಕಹಾಕುವ ವಿಧಾನವನ್ನು ಕಂಡುಹಿಡಿದರು. ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಒಂದಾದ ಮೇಲೊಂದರಂತೆ, ಸೆಂಟಿಮೀಟರಿನ ಹತ್ತು ಕೋಟಿ ಪಾಲುಗಳಲ್ಲಿ 2.8 ಪಾಲಿನಷ್ಟು ಅಂತರದಲ್ಲಿ ನಿಂತಿವೆಯೆಂದು ಗೊತ್ತಾಯಿತು. 1915ರಲ್ಲಿ ತಂದೆಮಕ್ಕಳಿಬ್ಬರಿಗೂ ನೊಬೆಲ್ ಪಾರಿತೋಷಕ ಬಂದಾಗ ಮಗನಿಗೆ 25 ವರ್ಷ ವಯಸ್ಸು.

ಇದಕ್ಕೆ ಹರಳೇ ಏಕೆ ಬೇಕು? ಶಾಲೆಯ ಪ್ರಾರ್ಥನೆಯನ್ನು ನೆನೆಯೋಣ. ಒಬ್ಬ ಹುಡುಗಿ ಹಾಡಿದರೆ ಬೀದಿಯವರೆಗೆ ಕೇಳುವುದಿಲ್ಲ. ಐನೂರು ಮಂದಿ ಒಂದೇ ಲಯದಲ್ಲಿ ಹಾಡಿದರೆ ಕೇಳುತ್ತದೆ. ಒಂದೇ ಒಂದು ಅಣು ಚದುರಿಸುವ ಕಿರಣ ಅತಿ ಕ್ಷೀಣ. ಹರಳಿನಲ್ಲಿ ಕೋಟ್ಯಂತರ ಅಣುಗಳು ಒಂದೇ ಭಂಗಿಯಲ್ಲಿ ನಿಂತಿರುವುದರಿಂದ ಕೆಲವು ದಿಕ್ಕುಗಳಲ್ಲಿ ಅಲೆಗಳು ಒಂದನ್ನೊಂದು ಬಲಪಡಿಸುತ್ತವೆ. ಉಳಿದ ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಚಿತ್ರದಲ್ಲಿ ಉಳಿಯುವುದು ಬರಿಯ ಚುಕ್ಕೆಗಳ ಸಾಲು.

ಉಪ್ಪಿನಲ್ಲಿ ಎರಡೇ ಬಗೆಯ ಪರಮಾಣುಗಳು. ರಾಮಕೃಷ್ಣನ್ ಅವರು ಕೈಹಾಕಿದ್ದು ರೈಬೋಸೋಮಿಗೆ. ಜೀವಕೋಶದಲ್ಲಿ ಪ್ರೋಟೀನುಗಳನ್ನು ಹೆಣೆಯುವ ಕಾರ್ಖಾನೆ ಇದು; ಬ್ಯಾಕ್ಟೀರಿಯದಿಂದ ಮನುಷ್ಯನವರೆಗೆ ಇದಿಲ್ಲದ ಜೀವವಿಲ್ಲ. ಇದು ದೊಡ್ಡದೊಂದು, ಚಿಕ್ಕದೊಂದು ಎಂಬ ಎರಡು ಭಾಗಗಳಿಂದಾಗಿದೆ. ಚಿಕ್ಕ ಭಾಗದಲ್ಲಿಯೇ ಇಪ್ಪತ್ತು ಪ್ರೋಟೀನುಗಳೂ ಸುಮಾರು ಒಂದೂವರೆ ಸಾವಿರ ಅಕ್ಷರಗಳ ಒಂದು ಆರ್‌ಎನ್‌ಎ ಸರಪಣಿಯೂ ಮುದುಡಿ ಕುಳಿತಿವೆ. ಇಂತಹ ಗೋಜಲು ವಸ್ತುವನ್ನು ಹರಳಾಗಿಸುವುದು ಆಗದ ಮಾತೆಂದು ಬಹು ಜನ ತಿಳಿದಿದ್ದ ಕಾಲದಲ್ಲಿ, 1980ರ ಸುಮಾರಿಗೆ, ಅದಾ ಯೋನತ್ ಅವರು ಅದನ್ನು ಸಾಧಿಸತೊಡಗಿದರು. ಆ ಧೈರ್ಯದ ಹಿರಿಮೆ ಅವರಿಗೇ ಸಲ್ಲಬೇಕು. ಹರಳಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಚುಕ್ಕೆಯ ಹೊಳಪನ್ನು ಅಳೆಯಬಹುದು. ಆದರೆ ಅಲೆಯು ಏರುತ್ತ ಬಂದಿತೋ ಇಳಿಯುತ್ತ ಬಂದಿತೋ ಎಂಬುದು ಚಿತ್ರದಲ್ಲಿ ಮೂಡುವುದಿಲ್ಲ. ಅದಿಲ್ಲದೆ ಲೆಕ್ಕ ಮುಂದುವರಿಯದು. ಇದಕ್ಕಾಗಿ ಹರಳಿನೊಳಗೆ ಭಾರವಾದ ಲೋಹದ ಪರಮಾಣುಗಳನ್ನು ಸೇರಿಸಿ ಮತ್ತೆ ಚಿತ್ರ ತೆಗೆಯುತ್ತಾರೆ. ಚುಕ್ಕೆಗಳ ಹೊಳಪು ಎಲ್ಲೆಲ್ಲಿ ಎಷ್ಟೆಷ್ಟು ಬದಲಾಯಿತೆಂಬುದರಿಂದ ಕಳೆದುಹೋದ ವಿಷಯವನ್ನು ಹಿಂದಕ್ಕೆ ಪಡೆಯುತ್ತಾರೆ.

ರಾಮಕೃಷ್ಣನ್ ಅವರ ತಂಡವು ಕೇಂಬ್ರಿಜ್ಜಿನಲ್ಲಿ ಚಿಕ್ಕ ಭಾಗದ ರಚನೆಯನ್ನು ಬಿಡಿಸಿ 2000ದ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಅದು ಸರಿಯೆಂದು ಹೇಗೆ ನಂಬುವುದು? ಆರ್‌ಎನ್‌ಎಯ ಅಕ್ಷರಗಳ ಕ್ರಮವು ಬೇರೊಂದು ವಿಧಾನದಿಂದ ಮೊದಲೇ ತಿಳಿದಿತ್ತು. ಲೆಕ್ಕದಿಂದ ಮೂಡಿದ ಆಕಾರವು ತಪ್ಪಾಗಿದ್ದರೆ ಆ ಒಂದೂವರೆ ಸಾವಿರ ಅಕ್ಷರಗಳು ಅದರೊಳಗೆ ಕ್ರಮವಾಗಿ ಕೂಡುತ್ತಿರಲಿಲ್ಲ, ಕೂಡಿದುವು. ಕ್ಷಯರೋಗಕ್ಕೆ ಕೊಡುವ ಸ್ಟ್ರೆಪ್ಟೋಮೈಸಿನ್ ಎಂಬ ಔಷಧವು ಬ್ಯಾಕ್ಟೀರಿಯದ ರೈಬೋಸೋಮಿನ ಯಾವ ಸಂದಿನಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆಂಬುದನ್ನೂ ಅದೇ ತಂಡ ತೋರಿಸಿತು. ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಅದನ್ನು ಅರಿಯುವುದು ಸಣ್ಣ ಮಾತಲ್ಲ.

ಅತಿ ಸಣ್ಣದನ್ನು ಬಿಟ್ಟು ಈಗ ಅತಿ ದೂರದ ವಿಷಯಕ್ಕೆ ಬರೋಣ. ಇಲ್ಲಿಯೂ ದಾರಿ ಗುಜರಾತಿನ ಮೂಲಕವೇ ಹೋಗುತ್ತದೆ. ಉಡುಪಿಯ ಸಮೀಪದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾವ್ ಅವರು ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ವಿಕ್ರಮ್ ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣಗಳನ್ನು ಅಭ್ಯಾಸಮಾಡಿ, 1960ರಲ್ಲಿ ಗುಜರಾತ್ ವಿಶ್ವವಿದ್ಯಾನಿಲಯದ ಡಾಕ್ಟರೇಟನ್ನು ಪಡೆದರು. ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ‘ಆರ್ಯಭಟ’ ಉಪಗ್ರಹವು 1975ರ ಏಪ್ರಿಲ್ 19ರಂದು ಆಕಾಶಕ್ಕೇರಿತು. ಆಕಾಶಕಾಯಗಳಿಂದ ಬರುವ ಕ್ಷ-ಕಿರಣಗಳನ್ನು ಗುರುತಿಸುವ ಉಪಕರಣವೂ ಅದರಲ್ಲಿದ್ದಿತು. ಆದರೆ ನಾಲ್ಕು ದಿನಗಳಲ್ಲಿಯೇ ವಿದ್ಯುತ್ತಿನ ದೋಷದಿಂದ ಪ್ರಯೋಗಗಳು ನಿಂತುಹೋದುವು. ಖಗೋಳ ವೀಕ್ಷಣೆಗೆಂದೇ ಮೀಸಲಾದ ಭಾರತದ ಉಪಗ್ರಹ ‘ಆಸ್ಟ್ರೋಸ್ಯಾಟ್’ ಮೇಲೇರಿದ್ದು ಅದಾದ ನಲವತ್ತು ವರ್ಷಗಳಿಗೆ, 2015ರ ಸೆಪ್ಟೆಂಬರ್ 28ರಂದು. 2017ರಲ್ಲಿ ತೀರಿಕೊಂಡ ರಾವ್ ಅವರು ಅದನ್ನು ಕಂಡರು.

ಗೆಲಾಕ್ಸಿ ಎಂದರೆ ಸಾವಿರಾರು ಕೋಟಿ ನಕ್ಷತ್ರಗಳ ಒಂದು ಸಂಸಾರ. ನಮ್ಮ ಆಕಾಶಗಂಗೆಯೂ ಅಂತಹುದೊಂದು. 2016ರ ಅಕ್ಟೋಬರಿನಲ್ಲಿ ಆಸ್ಟ್ರೋಸ್ಯಾಟಿನ ದೂರದರ್ಶಕವು ಆಕಾಶದ ಒಂದು ಚಿಕ್ಕ ತುಂಡನ್ನು 28 ಗಂಟೆಗಳಿಗೂ ಹೆಚ್ಚು ಕಾಲ ನೋಡಿತು. ಅದರಲ್ಲಿ 930 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿಯ ನೇರಳಾತೀತ ಬೆಳಕು ಸಿಕ್ಕಿತು. ನಮ್ಮ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಆ ಬೆಳಕು ಹೊರಟಾಗ ಭೂಮಿಯೂ ಇರಲಿಲ್ಲ, ಸೂರ್ಯನೂ ಇರಲಿಲ್ಲ. ದೂರವನ್ನು ಅಳೆದುದು ಹೇಗೆ? ವಿಶ್ವವು ಹಿಗ್ಗುತ್ತಿರುವುದರಿಂದ ದಾರಿಯಲ್ಲಿ ಬೆಳಕಿನ ಅಲೆಗಳೂ ಹಿಗ್ಗುತ್ತವೆ. ಈ ಗೆಲಾಕ್ಸಿಯ ಬೆಳಕಿನಲ್ಲಿ ಪ್ರತಿಯೊಂದು ಅಲೆಯೂ 2.42 ಪಟ್ಟು ಉದ್ದವಾಗಿ ಬಂದಿತ್ತು. ರೋಹಿತದಲ್ಲಿ ಪರಿಚಿತವಾದ ಗೆರೆಗಳು ಎಷ್ಟು ಸರಿದಿವೆಯೆಂದು ನೋಡಿದರೆ ದೂರವನ್ನು ಲೆಕ್ಕಹಾಕಬಹುದು.

ಆಸ್ಟ್ರೋಸ್ಯಾಟಿನ ಆ ದೂರದರ್ಶಕದ ಕನ್ನಡಿಯ ಅಗಲ ಮೊಳದಷ್ಟೂ ಇಲ್ಲ. ಅಮೆರಿಕೆಯ ಹಬಲ್ ದೂರದರ್ಶಕದ ಕನ್ನಡಿ 2.4 ಮೀಟರ್. ದೊಡ್ಡದು ಕಾಣದುದನ್ನು ಚಿಕ್ಕದು ಕಂಡದ್ದು ಹೇಗೆಂದರೆ, ಚಿಕ್ಕದರ ಗ್ರಾಹಕದಲ್ಲಿ ಸುಳ್ಳು ಸದ್ದು ಬಹಳ ಕಡಮೆ. ನಿಶ್ಶಬ್ದವಾದ ಕೋಣೆಯಲ್ಲಿ ಪಿಸುಮಾತೂ ಕೇಳುವುದಲ್ಲವೆ? ಆದರೂ ಪುಣೆಯ ಕನಕ್ ಸಾಹಾ ಮತ್ತು ಅವರ ಸಂಗಡಿಗರು ಕೂಡಲೆ ಡಂಗುರ ಸಾರಲಿಲ್ಲ. ಆ ಬೆಳಕು ಉಪಕರಣದ ಭ್ರಮೆಯಾಗಿರಬಹುದೆ, ಪಕ್ಕದ ಬೇರೊಂದು ಕಾಯದ್ದಾಗಿರಬಹುದೆ ಎಂದು ಸುಮಾರು ಎರಡು ವರ್ಷ ಸೋಸಿ ನೋಡಿದರು. ಫಲಿತಾಂಶವು 2020ರಲ್ಲಿ ಪ್ರಕಟವಾಯಿತು. ನಮಗೆ ಆ 28 ಗಂಟೆಗಳಿಗಿಂತ ಈ ಎರಡು ವರ್ಷಗಳೇ ಹೆಚ್ಚಿನವೆಂದು ತೋರುತ್ತವೆ.

ಪರಮಾಣುವೂ ಗೆಲಾಕ್ಸಿಯೂ ನಿರ್ಜೀವ ವಸ್ತುಗಳು. ಪ್ರಾಣಿಗಳ ಜಗಳವನ್ನಾದರೋ ಕಣ್ಣಾರೆ ಕಾಣಬಹುದು. ಕಾಣದಿರುವುದು ಅದರ ಕಾರಣ. ಭಾವನಗರ ಜಿಲ್ಲೆಯ ವೇಳಾವದರದಲ್ಲಿ, ನಮ್ಮ ನಾಡಿನ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿವೆ. ಗಂಡುಗಳು ಕೊಂಬಿಗೆ ಕೊಂಬು ತೊಡರಿಸಿ ನೂಕಾಡುತ್ತವೆ. ಬಹುಮಟ್ಟಿಗೆ ಒಂದು ಹಿಂಜರಿದು ಓಡುವುದರೊಂದಿಗೆ ಕಾಳಗ ಮುಗಿಯುತ್ತದೆ. ಇರಿದು ಕೊಲ್ಲುವ ಆಯುಧವಿದ್ದೂ ಕೊಲ್ಲುವುದು ಅಪರೂಪವೇಕೆ? ಜಾತಿಯ ಹಿತಕ್ಕಾಗಿ ಎಂದು ಹಿಂದೆ ಹೇಳುತ್ತಿದ್ದರು. 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಎಂಬವರು ಇದನ್ನು ಗಣಿತದಿಂದ ಪರೀಕ್ಷಿಸಿದರು. ಎಲ್ಲರೂ ಕೊನೆಯವರೆಗೆ ಕಾದುವ ಗುಂಪಿನಲ್ಲಿ ಗಾಯವೇ ಲಾಭಕ್ಕಿಂತ ಹೆಚ್ಚಾಗುತ್ತದೆ. ಅಲ್ಲಿ ಹಿಂಜರಿಯುವವನೇ ಮೇಲು. ಎಲ್ಲರೂ ಹಿಂಜರಿಯುವ ಗುಂಪಿನಲ್ಲಿ ಜಗಳಗಂಟಿಗೇ ಲಾಭ. ಆದುದರಿಂದ ಎರಡೂ ನಡತೆಗಳು ಒಂದು ಪ್ರಮಾಣದಲ್ಲಿ ಬೆರೆತು ನಿಲ್ಲುತ್ತವೆ. ಪ್ರತಿಯೊಂದು ಪ್ರಾಣಿಯ ಸ್ವಂತ ಲಾಭನಷ್ಟದಿಂದಲೇ ಸಂಯಮ ಹುಟ್ಟಬಹುದೆಂದು ಹೀಗೆ ತಿಳಿಯಿತು.

ಲೆಕ್ಕ ಕಾಗದದ ಮೇಲಿನದು. ಜೀವಂತ ಪ್ರಾಣಿಗಳಲ್ಲಿ ಇಂತಹ ಪ್ರಶ್ನೆಯನ್ನು ಹಿಡಿದು ದಶಕಗಳ ಕಾಲ ದುಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್. ಸೂರಿನ ಕೆಳಗೆ ಕಾಗದದಂತಹ ಗೂಡು ಕಟ್ಟುವ ಒಂದು ಜಾತಿಯ ಕಣಜ ಅವರ ಅಭ್ಯಾಸದ ವಸ್ತು. ರೊಪಾಲಿಡಿಯ ಮಾರ್ಜಿನೇಟ ಎಂಬುದು ಅದರ ಶಾಸ್ತ್ರೀಯ ನಾಮ. ಗೂಡಿಗೊಬ್ಬಳು ರಾಣಿ, ಮೊಟ್ಟೆಯಿಡುವವಳು ಅವಳೊಬ್ಬಳೇ. ಆದರೆ ಜೇನಿನಲ್ಲಿರುವಂತೆ ಇಲ್ಲಿ ರಾಣಿಯ ಮೈಕಟ್ಟು ಬೇರೆಯಲ್ಲ. ಕೆಲಸದ ಹೆಣ್ಣುಗಳಲ್ಲಿ ಬಹುತೇಕ ಯಾರಾದರೂ ರಾಣಿಯಾಗಬಲ್ಲರು. ಹಾಗಾದರೆ ದಿನವೂ ಪಟ್ಟಕ್ಕಾಗಿ ಕಾಳಗವಾಗಬೇಕಷ್ಟೆ? ಪ್ರತಿಯೊಂದು ಹುಳುವಿನ ಮೈಮೇಲೆ ಬಣ್ಣದ ಚುಕ್ಕೆಯಿಟ್ಟು, ಗುರುತುಹಿಡಿದು, ಗಂಟೆಗಟ್ಟಲೆ ನೋಡಿದಾಗ ಕಂಡುದು ಬೇರೆಯೇ: ರಾಣಿ ಅತ್ಯಂತ ಸೌಮ್ಯಳು, ಯಾರ ಮೇಲೂ ಬೀಳುವುದು ಅಪರೂಪ. ರಾಣಿಯನ್ನು ತೆಗೆದರೆ ಮಾತ್ರ ಒಂದು ಹುಳು ಕೂಡಲೆ ಉಗ್ರವಾಗುತ್ತದೆ. ರಾಣಿ ಹಿಂದಿರುಗದಿದ್ದರೆ ಕೆಲವು ದಿನಗಳಲ್ಲಿ ಮೊಟ್ಟೆಯಿಟ್ಟು ತಾನೇ ರಾಣಿಯಾಗಿ ಪುನಃ ಸೌಮ್ಯವಾಗುತ್ತದೆ. ಆ ಹುಳು ಯಾವುದೆಂಬುದನ್ನು ಮೊದಲೇ ಹೇಳಲು ನೋಡುವವರಿಗೆ ಸಾಧ್ಯವಾಗಲಿಲ್ಲ.

ನಮಗೆ ತಿಳಿಯದಿದ್ದರೂ ಹುಳುಗಳಿಗೆ ತಿಳಿದಿದೆಯೆ? ಇದನ್ನು ಹುಳುವನ್ನೇ ಕೇಳುವ ಉಪಾಯ ಹೂಡಿದರು. ಗೂಡನ್ನು ಎರಡು ಹೋಳುಮಾಡಿ ನಡುವೆ ತಂತಿಯ ಜಾಲರಿಯನ್ನಿಟ್ಟರು. ರಾಣಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸಿದರು. ಪಟ್ಟಕ್ಕೆ ನಿಜವಾದ ಉತ್ತರಾಧಿಕಾರಿಯಾದ ಹುಳುವನ್ನು ಎರಡು ಕಡೆಯವೂ ಎದುರಾಡದೆ ಒಪ್ಪಿಕೊಂಡುವು. 2008ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಹುಳುಗಳಿಗೆ ತಿಳಿದಿದೆಯೆಂಬುದು ಸ್ಥಿರಪಟ್ಟಿತು. ರಾಣಿಯು ತನ್ನ ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜಿ ಒಂದು ಸ್ರಾವವನ್ನು ಲೇಪಿಸುತ್ತಾಳೆ, ಅದೇ ಅವಳ ಇರವಿನ ಸುದ್ದಿ ಎಂಬುದೂ ಇಂತಹ ಪ್ರಯೋಗಗಳಿಂದ ತಿಳಿದುಬಂದಿತು. ಜಾಲರಿಯ ಆಚೆಗೆ ಆ ಸುದ್ದಿ ದಾಟುತ್ತಿರಲಿಲ್ಲ.

2012ರ ಇನ್ನೊಂದು ವರದಿಯಲ್ಲಿ ಅವರು ಮತ್ತೂ ಮುಂದುವರಿದರು. ರಾಣಿಯನ್ನು ತೆಗೆದರು, ಎರಡನೆಯದು ಎದ್ದಿತು. ಅದನ್ನೂ ತೆಗೆದರು, ಮೂರನೆಯದು ಎದ್ದಿತು. ಹೀಗೆ ಒಂದಾದ ಮೇಲೊಂದರಂತೆ ಐದು ಉತ್ತರಾಧಿಕಾರಿಗಳು ಹೊರಬಂದುವು. ಪ್ರತಿ ಸಲವೂ ಒಂದೇ ಹುಳು ಮುಂದೆ ಬಂದಿತು. ಉಳಿದವುಗಳಲ್ಲಿ ಒಂದೂ ಅದರೊಡನೆ ಪಟ್ಟಕ್ಕಾಗಿ ಕಾದಲಿಲ್ಲ.