ಹಳೆಯ ಮಡಿಸುವ ಚಾಕುವಿನಿಂದ ಮರದ ಹಿಡಿಯ ಕೆತ್ತನೆಯ ಚಾಕು

ಕೀಲು ಸಡಿಲವಾದ ಮಡಿಸುವ ಚಾಕುಗಳು ರೈತರ ಮನೆಗಳಲ್ಲಿ ಗೂಡು ಸೇರಿ ತುಕ್ಕು ಹಿಡಿಯುವುದು ವಾಡಿಕೆ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಕೀಲೇ ಹೊರತು ಅಲಗಲ್ಲ. ಅಂತಹ ಚಾಕುವಿನಿಂದ ಹಾಗೆಯೇ ಮರವನ್ನು ಕೆತ್ತಲು ಹೋದರೆ ಅಲಗು ಮಡಿಸಿಕೊಂಡು ಬೆರಳನ್ನು ಕತ್ತರಿಸುವುದು. ಅದೇ ಅಲಗನ್ನು ಮರದ ಹಿಡಿಯಲ್ಲಿ ಭದ್ರವಾಗಿ ಕೂರಿಸಿದರೆ ಸೌಟು, ಗೂಟ, ಮಕ್ಕಳ ಆಟಿಕೆ ಮೊದಲಾದುವನ್ನು ಕೆತ್ತುವುದಕ್ಕೆ ಒಳ್ಳೆಯ ಉಪಕರಣವಾಗುವುದು.

ಕನಕಪುರದ ನೆರೆಯ ಚನ್ನಪಟ್ಟಣವು ಉಕ್ಕಿಗೂ ಮರಕ್ಕೂ ಹೆಸರಾದ ಊರು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಅಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿಯನ್ನು ತಯಾರಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಲ್ಲಿಯ ಬೊಂಬೆಗಳಿಗೆ ಉಪಯೋಗಿಸುವ ಹಾಲೆಮರವೂ ಅರಗೂ ಈ ಕೆಲಸಕ್ಕೆ ಒದಗುತ್ತವೆ.

1. ಅಲಗಿನ ಪರೀಕ್ಷೆ.— ಅರದಿಂದ ಅಂಚನ್ನು ಮೆಲ್ಲಗೆ ಉಜ್ಜಬೇಕು. ಅರವು ಜಾರಿದರೆ ಅಥವಾ ಸ್ವಲ್ಪವೇ ಹಿಡಿದರೆ ಉಕ್ಕು ಗಟ್ಟಿಯಾಗಿದೆ. ಆಳವಾಗಿ ಕೊರೆದರೆ ಅದು ಮೆತ್ತಗಿದೆ. ಬುಡದಲ್ಲಿ ಬಿರುಕಿರುವ ಅಲಗನ್ನು ಬಿಟ್ಟುಬಿಡತಕ್ಕದ್ದು.

2. ಅಲಗನ್ನು ಬಿಡಿಸುವುದು.— ಕೀಲಿನ ಮೊಳೆಯ ತಲೆಯನ್ನು ಅರದಿಂದ ಸವೆಸಿ, ಸಣ್ಣ ಮೊಳೆಯಿಂದ ಹೊರಕ್ಕೆ ಬಡಿಯಬೇಕು. ಸ್ಪ್ರಿಂಗು ಸಿಡಿಯಬಹುದಾದುದರಿಂದ ಚಾಕುವಿಗೆ ಬಟ್ಟೆಯನ್ನು ಸುತ್ತಿರಬೇಕು. ಹಳೆಯ ಹಿಡಿಯನ್ನು ತೆಗೆಯಲು ಅಲಗನ್ನು ಒಲೆಗೆ ಹಾಕಕೂಡದು. ಸಾಮಾನ್ಯ ಉಕ್ಕು ಸುಮಾರು 300 ಸೆಂಟಿಗ್ರೇಡ್ ಡಿಗ್ರಿಗೆ ಕಾದು ನೀಲಿಗಟ್ಟಿತೆಂದರೆ ಅದರ ಹದ ತಗ್ಗುವುದು. ಆಮೇಲೆ ಎಷ್ಟು ಮಸೆದರೂ ಅಂಚು ಬಹುಕಾಲ ನಿಲ್ಲದು. ಸಾಣೆಚಕ್ರದಲ್ಲಿ ಹಿಡಿಯುವಾಗಲೂ ಇದೇ ಭಯವುಂಟು. ಆದಕಾರಣ ಅಲಗನ್ನು ಮತ್ತೆ ಮತ್ತೆ ನೀರಿನಲ್ಲಿ ಅದ್ದಬೇಕು.

3. ಹಿಡಿ.— ಹಸಿಯ ಮರವು ಒಣಗುತ್ತ ಕುಗ್ಗಿ ಸೀಳುವುದು. ಚೆನ್ನಾಗಿ ಒಣಗಿದ ಮರವನ್ನೇ ತೆಗೆದುಕೊಳ್ಳಬೇಕು. ಹಾಲೆಯು ಹಗುರ, ನಯ. ಒರಟು ಕೆಲಸಕ್ಕೆ ಹುಣಸೆ ಅಥವಾ ಜಾಲಿ ಮೇಲು. ಎಳೆಯು ಉದ್ದಕ್ಕೆ ಬರುವಂತೆ ನಾಲ್ಕೂವರೆ ಅಂಗುಲದ ತುಂಡನ್ನು ಮೊಟ್ಟೆಯಾಕಾರದಲ್ಲಿ ಸವರಬೇಕು. ಪೂರಾ ಗುಂಡಾದ ಹಿಡಿಯು ಕೈಯಲ್ಲಿ ತಿರುಗುವುದು.

4. ಕೂರಿಸುವುದು.— ಹಿಡಿಯ ತುದಿಯನ್ನು ಗರಗಸದಿಂದ ಒಂದಂಗುಲ ಆಳಕ್ಕೆ ಸೀಳಬೇಕು. ಮಡಿಸುವ ಚಾಕುವಿನ ಬುಡವು ಗಿಡ್ಡವಾದುದರಿಂದ ಅಲಗಿನ ಹಿಂಭಾಗವೂ ಸ್ವಲ್ಪ ಮರದೊಳಗೆ ಹೋಗಲಿ. ಹೊರಗೆ ಎರಡು ಅಂಗುಲ ಉಳಿದರೆ ಸಾಕು. ಗಿಡ್ಡ ಅಲಗೇ ಕೈಗೆ ಸ್ವಾಧೀನವಾಗಿರುವುದು. ಹಳೆಯ ಕೀಲಿನ ರಂಧ್ರದ ನೇರಕ್ಕೆ ಮರವನ್ನು ಕೊರೆಯಬೇಕು. ಗಟ್ಟಿಯಾದ ಉಕ್ಕಿನಲ್ಲಿ ಹೊಸ ತೂತನ್ನು ಮಾಡುವ ಶ್ರಮ ಹೀಗೆ ಉಳಿಯುವುದು. ಕರಗಿಸಿದ ಅರಗಿಗೆ ನಯವಾದ ಇಟ್ಟಿಗೆಯ ಪುಡಿಯನ್ನು ಬೆರೆಸಿ ಸೀಳಿನಲ್ಲಿ ತುಂಬಿ, ಅಲಗನ್ನು ಒತ್ತಿ, ಹಿತ್ತಾಳೆಯ ಮೊಳೆಯನ್ನು ತೂರಿಸಿ ಎರಡು ಕಡೆಯೂ ತಟ್ಟಬೇಕು. ಹಿಡಿಯ ಬಾಯಿಗೆ ತಂತಿಯನ್ನು ಬಿಗಿಯಾಗಿ ಸುತ್ತಿ, ಮರಕ್ಕೆ ಅಗಸೆ ಎಣ್ಣೆಯನ್ನು ತೊಡೆಯಬೇಕು. ಅರಗು ಶಾಖಕ್ಕೆ ಮೆತ್ತಗಾಗುವುದರಿಂದ ಈ ಚಾಕುವನ್ನು ಕುದಿನೀರಿನಲ್ಲಿ ತೊಳೆಯಲಾಗದು.

5. ಮಸೆಯುವುದು.— ಅಲಗು ಅರ್ಧ ಅಂಗುಲ ಅಗಲವಿದ್ದರೆ, ಬೆನ್ನನ್ನು ಕಲ್ಲಿನಿಂದ ಅರೆಕಾಲು ಅಂಗುಲ ಎತ್ತಿ ಹಿಡಿದು, ನೀರು ಹಾಕಿ, ಎರಡು ಮಗ್ಗುಲನ್ನೂ ಸಮವಾಗಿ ಮಸೆಯಬೇಕು. ಕೊನೆಗೆ ತೊಗಲಿನ ಮೇಲೆ ಬೆನ್ನು ಮುಂದಾಗಿ ಎಳೆದರೆ ಅಂಚು ನಯವಾಗುವುದು.

6. ಎಚ್ಚರಿಕೆ.— ಮೊಂಡು ಚಾಕುವಿಗೆ ಹೆಚ್ಚು ಬಲ ಬೇಕಾಗುವುದರಿಂದ ಅದು ಜಾರಿದಾಗ ಗಾಯವೂ ಹೆಚ್ಚು. ಮರವನ್ನು ಹಿಡಿದ ಕೈ ಸದಾ ಅಂಚಿನ ಹಿಂದೆ ಇರಲಿ. ಅಲಗು ಮೈಯಿಂದ ಆಚೆಗೆ ಸಾಗಲಿ. ಈ ಚಾಕುವಿನಿಂದ ಯಾವುದನ್ನೂ ಮೀಟಬಾರದು. ಕೆಲಸ ಮುಗಿದೊಡನೆ ಒರಸಿ, ತೊಗಲಿನ ಒರೆಯಲ್ಲಿಟ್ಟು, ಮಕ್ಕಳ ಕೈಗೆ ಸಿಕ್ಕದಂತೆ ಇರಿಸತಕ್ಕದ್ದು.

ಗ್ರಾಮದ ಮುಖ್ಯಸ್ಥರು ಮಳೆಗಾಲದ ಬಿಡುವಿನಲ್ಲಿ ಇಂತಹ ಒಂದು ಚಾಕುವನ್ನು ತಾವೇ ಮಾಡಿ ತೋರಿಸಿದರೆ ಹತ್ತು ಮನೆಯವರು ನೋಡಿ ಕಲಿಯುವರು. ಇದಕ್ಕೆ ತಗಲುವ ವೆಚ್ಚವು ಅತ್ಯಲ್ಪ. ಉಳಿಯುವುದು ಒಳ್ಳೆಯ ಉಕ್ಕು ಮತ್ತು ಕೆಲಸಗಾರನ ಬೆರಳು.